ಉಚ್ಚೆಂಗೆಮ್ಮ ಬರೆದ ಮಿಸ್ಸು

ಊಟದ ಗಂಟೆಗೆ ಇನ್ನೂ ಹೊತ್ತಿತ್ತು, ಹೇಮಾ ಮಕ್ಕಳ ನಡುವೆ ನಿಂತುಬಿಟ್ಟಿದ್ದಳು. ಕೈಯಲ್ಲಿ ಉಚ್ಚೆಂಗೆಮ್ಮನ ಡ್ರಾಯಿಂಗ್ ಹಾಳೆ. ನಾಲ್ಕನೇ ತರಗತಿಯ ಮಕ್ಕಳು ನೆಲದ ಮೇಲೆ ಬೋರಲು ಬಿದ್ದು, ನಾಲಿಗೆಯ ತುದಿ ಹೊರಗೆ ಹಾಕಿ, ‘ನಾನು’ ಎಂಬ ಚಿತ್ರ ಬರೆಯುತ್ತಿದ್ದರು. ಹೆಚ್ಚುಕಡಿಮೆ ಎಲ್ಲರ ‘ನಾನು’ ಒಂದೇ ಥರ ಇತ್ತು: ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ಹಂಚಿನ ಮನೆ, ಎರಡು ತೆಂಗಿನ ಮರ, ಮನೆ ಮುಂದೆ ಕಡ್ಡಿ ಕೈಕಾಲಿನ ಒಂದು ಮಗು. ಈ ಸೀಮೆಯ ಗುಡ್ಡ ಯಾವುದೂ ತ್ರಿಕೋನವಾಗಿಲ್ಲ. ಯಾರೋ ಬಂಡೆಗಳನ್ನು ತಂದು ಸುರುವಿ ಮರೆತು ಹೋದ ಹಾಗಿವೆ. ಹೊಳೆಯೂ ಇಲ್ಲ, ನೀರು ಬಂದರೆ ಕಾಲುವೆಯಲ್ಲಿ ಬರಬೇಕು. ಆದರೆ ಸೀನರಿ ಅಂದರೆ ಹೀಗೇ ಎಂದು ಬೋರ್ಡಿನ ಮೇಲೆ ಬರೆದು ಕಲಿಸಿದವಳು ಹೇಮಾಳೇ. ಅವಳಿಗೆ ತನ್ನೂರು ಹಚ್ಚೊಳ್ಳಿಯ ಶಾಲೆಯಲ್ಲಿ ಅವಳ ಮಾಸ್ತರರು ಕಲಿಸಿದ್ದರು, ಅವರಿಗೆ ಇನ್ಯಾರೋ. ಗುಡ್ಡ ನೋಡದವರಿಂದ ಗುಡ್ಡ ನೋಡದವರಿಗೆ ಇಳಿದು ಬಂದ ಆಸ್ತಿ ಅದು. ಉಚ್ಚೆಂಗೆಮ್ಮನ ಹಾಳೆಯಲ್ಲಿ ಮಾತ್ರ ಗುಡ್ಡವಿಲ್ಲ, ಸೂರ್ಯನಿಲ್ಲ. ಬಾರಿಸುವ ಒಂದು ದೊಡ್ಡ ದುಂಡನೆಯ ಹಲಗೆ, ಅದರ ಚರ್ಮ ಕಾಯಿಸಲು ಹಾಕಿದ ಹುಲ್ಲಿನ ಬೆಂಕಿ, ಹಲಗೆ ಹಿಡಿದು ಕುಕ್ಕರಗಾಲಲ್ಲಿ ಕೂತ ತಾತ ಮಾರೆಣ್ಣ, ಅವನ ಪಕ್ಕ ಕಪ್ಪು ಕ್ರೇಯಾನಿನಲ್ಲಿ ಗಸಗಸ ತಿಕ್ಕಿದ ಒಬ್ಬ ಹುಡುಗಿ. ಅಷ್ಟಕ್ಕೇ ಮುಗಿದಿದ್ದರೆ ಹೇಮಾ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದಳೇನೋ. ಆ ಹುಡುಗಿಯ ಕೈ ಹಿಡಿದು, ಅದೇ ಕಪ್ಪಿನಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ಹಸಿರು ಸೀರೆ, ಹೆಗಲಿಗೆ ಚೀಲ, ಕಣ್ಣಿಗೆ ಕನ್ನಡಕ.

“ಇದು ಯಾರು?” ಎಂದಳು ಹೇಮಾ, ಗೊತ್ತಿದ್ದೂ.

“ನೀವ ರೀ ಮಿಸ್.”

“ನಾನು ಯಾಕ ನಿಮ್ಮ ಮನ್ಯಾಗ ನಿಂತೀನಿ?”

ಉಚ್ಚೆಂಗೆಮ್ಮ ಕೈಯ ಬಣ್ಣವನ್ನು ಲಂಗಕ್ಕೆ ಒರೆಸಿಕೊಂಡಳು. “ನಮ್ಮಜ್ಜಿ ತೌರುಮನಿ ಹಚ್ಚೊಳ್ಳಿ ರೀ. ನಿಮ್ಮವ್ವ ಸುಂಕಮ್ಮ, ನಮ್ಮಜ್ಜಿ ಇಬ್ಬರೂ ಕೂಡೇ ನಾಟಿ ಹಚ್ಚಾಕ ಹೋಗ್ತಿದ್ರಂತ. ಮಿಸ್ಸು ಬ್ಯಾರೆ ಯಾರೂ ಅಲ್ಲ, ನಮ್ಮ ಕೇರಿ ಮಗಳು ಅಂತ ಹೇಳಿದ್ಲು ರೀ. ನೀವು ‘ನಾನು’ ಅಂತ ಬರೀರಿ ಅಂದ್ರಲ್ಲ, ಅದಕ್ಕ ನಮ್ಮೋರೆಲ್ಲಾರ್ನೂ ಬರದೆ.”

ಹೇಮಾ ತಿರುಗಿ ನೋಡಿದಳು. ಯಾರೂ ಕೇಳಿಸಿಕೊಂಡಂತಿರಲಿಲ್ಲ. ಕೇಳಿಸಿಕೊಂಡರೆ ಏನಾಗುತ್ತಿತ್ತು, ಇಲ್ಲಿ ಹೆಡ್‌ಮಾಸ್ತರರಿಗೆ ಗೊತ್ತು, ಸಹಶಿಕ್ಷಕರಿಗೆ ಗೊತ್ತು, ನೌಕರಿ ಸಿಕ್ಕ ಮೀಸಲಾತಿಯ ದಾರಿ ಎಲ್ಲರಿಗೂ ಗೊತ್ತಿರುವುದೇ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುವ ಜಾತಿಯವಳಾಗಿಬಿಟ್ಟಿದ್ದಳು ಅವಳು. ಕೈ ತಾನಾಗಿಯೇ ಹಣೆಗೆ ಹೋಗಿ, ಬೆಳಿಗ್ಗೆ ಬಳ್ಳಾರಿಯ ಬಾಡಿಗೆ ಮನೆಯಲ್ಲಿ ಎಳೆದುಕೊಂಡ ವಿಭೂತಿ ಇದೆಯೋ ಅಳಿಸಿದೆಯೋ ನೋಡಿತು. ದಿನವೂ ಕುರುಗೋಡಿನ ಬಸ್ಸಿನಲ್ಲಿ ಕೂತಮೇಲೆ ಕರ್ಚೀಫಿನಿಂದ ಅದನ್ನು ಒರೆಸಿಕೊಳ್ಳುವುದು ರೂಢಿ. ಶಾಲೆಯವರು ಅದನ್ನು ನೋಡಿ ನಗಬಾರದಲ್ಲ. ಇವತ್ತು ಬಸ್ಸಿನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ನಿಂತು ಮರೆತಿದ್ದಳು. ಇಷ್ಟು ಹೊತ್ತೂ ಆ ಮೂರು ಗೆರೆ ಹೊತ್ತುಕೊಂಡೇ ಈ ಹುಡುಗಿಯ ಮುಂದೆ ನಿಂತಿದ್ದೇನೆ ಎಂದು ಹೊಳೆದು ಅವಳಿಗೆ ನಾಚಿಕೆಯಾಯಿತು. ಹಣೆ ಒರೆಸಿಕೊಂಡು, “ಛಲೋ ಬರದೀ, ಆದ್ರ ಇದು ಬ್ಯಾಡ, ಇನ್ನೊಂದು ಬರಿ,” ಎಂದು ಹೊಸ ಹಾಳೆ ಕೊಟ್ಟಳು.

ಇದೆಲ್ಲ ಶುರುವಾದದ್ದು ಬಳ್ಳಾರಿಯ ತರಬೇತಿಯಲ್ಲಿ. ಫ್ಯಾನಿನ ಕೆಳಗೆ ಜಾಗ ಹಿಡಿಯಲು ಶಿಕ್ಷಕರು ಕರ್ಚೀಫು ಹಾಸುತ್ತಿದ್ದರು. ಉಪ್ಪಿಟ್ಟು ಆರಿಹೋಗಿತ್ತು. ಎಲ್ಲಿಂದಲೋ ಬಂದಿದ್ದ ಕೈಮಗ್ಗದ ಸೀರೆಯ ತರಬೇತುದಾರ್ತಿ ಒಬ್ಬೊಬ್ಬರ ಕೈಗೂ ಒಂದು ಚಿಕ್ಕ ಕನ್ನಡಿ ಕೊಟ್ಟು, ಮೃದುವಾಗಿ, ಯಾರಿಗೋ ಗಾಯ ಮುಟ್ಟಿ ನೋಡುವವರ ಹಾಗೆ ಮಾತಾಡಿದ್ದಳು: ಮಗು ಚಿತ್ರದಲ್ಲಿ ತನ್ನನ್ನು ತಾನು ಕಂಡುಕೊಳ್ಳಲಿ, ಎಲ್ಲಿಂದ ಬಂದೆ, ಯಾರವಳು ನಾನು ಎಂದು ಬಣ್ಣದಲ್ಲಿ ಹೇಳಲಿ, ದಯವಿಟ್ಟು ನೀವು ಕೈ ಹಾಕಬೇಡಿ. ಕೈ ಹಾಕಬೇಡಿ ಅಂದದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರದರ್ಶನಕ್ಕೆ ಹೋಗುವ ಮಕ್ಕಳ ಚಿತ್ರವನ್ನು ಮಾಸ್ತರರು ಬರೆಯುವುದು, ಮಕ್ಕಳು ಅದರೊಳಗೆ ಬಣ್ಣ ತುಂಬುವುದು, ಕೆಳಗೆ ಮಗುವಿನ ಹೆಸರು ಹಾಕುವುದು ತಲೆಮಾರಿನಿಂದ ನಡೆದುಬಂದ ಕೆಲಸ. ಅದನ್ನು ಯಾರೂ ಸುಳ್ಳು ಅಂದುಕೊಂಡಿಲ್ಲ, ಮದುವೆಮನೆಗೆ ಮಗುವನ್ನು ಅಂಗಿಯ ಗುಂಡಿ ಹಾಕಿ ಕಳಿಸಿದಷ್ಟೇ ಸಹಜ. ಶಿಕ್ಷಕರೂ ತಮ್ಮ ಚಿತ್ರ ಬರೆಯಬೇಕೆಂದಾಗ ಹೇಮಾ ಒಂದು ಪುಸ್ತಕ, ಒಂದು ಪೆನ್ನು, ಒಂದು ದೀಪ ಬರೆದಳು. ತರಬೇತುದಾರ್ತಿ ಬಗ್ಗಿ ನೋಡಿ, “ಚೆನ್ನಾಗಿದೆ, ನೀವೆಲ್ಲಿ?” ಎಂದು ಕೇಳಿದ್ದಳು. ಹೇಮಾ ದೀಪ ತೋರಿಸಿದಳು. ಆಮೇಲೆ ಊಟಕ್ಕೆ ಸಾಲಿನಲ್ಲಿ ನಿಂತಾಗ ಆ ಉತ್ತರ ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆ ಬಂದಿತ್ತು.

ಬರುವ ಶನಿವಾರ ಬಳ್ಳಾರಿಯ ಒಂದು ಶಾಲೆಯ ಸಭಾಂಗಣದಲ್ಲಿ ಎಲ್ಲ ಶಾಲೆಗಳ ‘ನಾನು’ ಚಿತ್ರಗಳ ಪ್ರದರ್ಶನ. ಸರಕಾರಿ, ಖಾಸಗಿ ಎರಡೂ. ಮಗು ತನ್ನ ಚಿತ್ರದ ಪಕ್ಕದಲ್ಲಿ ನಿಂತು ಬಂದವರಿಗೆ ನಾಲ್ಕು ಮಾತು ಹೇಳಬೇಕು. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಹೇಮಾಳ ಮನೆ ಮಾಲಕಿ ಕೊಟ್ರಬಸಮ್ಮನ ಮೊಮ್ಮಗಳು ಅಕ್ಷತಾಳ ಚಿತ್ರವೂ ಅಲ್ಲಿರುತ್ತದೆ. ಕೊಟ್ರಬಸಮ್ಮ ಮೊನ್ನೆಯೇ ಸಂಭ್ರಮದಿಂದ ಮಹಡಿ ಹತ್ತಿ ಬಂದು, “ನಮ್ಮ ಅಕ್ಷತಾಂದು ನೋಡಿ, ಹಂಗ ನಿಮ್ಮ ಸಾಲಿ ಹುಡುಗರ್ದೂ ನೋಡಿ ಬರ್ತೀನವ್ವ,” ಅಂದಿದ್ದಳು. ಹೇಮಾ, “ಬರ್ರಿ ಅಮ್ಮ,” ಅಂದಿದ್ದಳು. ಚಿತ್ರಕ್ಕೆ ಒಳ್ಳೆಯ ಕೈ ಎಂದು ಈ ತರಗತಿಯಿಂದ ಹೋಗುವವಳು ಉಚ್ಚೆಂಗೆಮ್ಮನೇ ಎಂದಾಗಿತ್ತು. ಈಗ ಆ ಗೋಡೆಯ ಮೇಲೆ ಕಪ್ಪು ಹೇಮಾ, ಪಕ್ಕದಲ್ಲಿ ಉಚ್ಚೆಂಗೆಮ್ಮ, ಎದುರಿಗೆ ಕೊಟ್ರಬಸಮ್ಮ. ಹುಡುಗಿ ಬಾಯಿ ತೆರೆದರೆ ಸಾಕು.

ಮೂರು ವರ್ಷದ ಹಿಂದೆ ಅವಳು ಕೌಲ್ ಬಜಾರಿನ ಒಂದು ಕೋಣೆಯಲ್ಲಿದ್ದಳು. ಕೆಳಗೆ ವೆಲ್ಡಿಂಗ್ ಶಾಪು, ಎದುರು ಆಟೋ ರಿಪೇರಿ, ಬೆಳಗಿನಿಂದ ಸಂಜೆತನಕ ಕಬ್ಬಿಣದ ಸದ್ದು. ಅಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಕೇಳದ ಆ ಜಾಗ ಬಿಟ್ಟು, ಮನೆ ಮುಂದೆ ರಂಗೋಲಿ ಇರುವ, ತುಳಸಿ ಇರುವ, ಮೆತ್ತಗೆ ಮಾತಾಡುವವರ ಬೀದಿಗೆ ಬರಬೇಕೆಂದು ಆಸೆಪಟ್ಟವಳು ಅವಳೇ. ಎಷ್ಟೋ ಮನೆಯವರು ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ ಊರೊಳಗೆ ಎಲ್ಲಿ ಎಂದು ಕೇಳಿದರು, ಆಮೇಲೆ ಮನೆ ಮಗಳ ಬಾಣಂತನಕ್ಕೆ ಬೇಕಾಗಿದೆ ಅಂದರು. ಕೊಟ್ರಬಸಮ್ಮ ಏನನ್ನೂ ಕೇಳಲಿಲ್ಲ, ಟೀಚರ್ ಅಂದ ಕೂಡಲೇ ಬೀಗದ ಕೈ ಕೊಟ್ಟಳು. ನಾಲ್ಕು ದಿನ ಬಿಟ್ಟು ಹೂವು ಕೊಡಲು ಬಂದವಳು ಅವಳ ಕೊರಳು ನೋಡಿ, “ಲಿಂಗ ಕಟ್ಟಿಲ್ಲೇನವ್ವ?” ಎಂದಳು. ಆಗಲೇ ಹೇಳಿಬಿಡಬಹುದಿತ್ತು. “ಊರಾಗ ಮಾಡದಾಗ ಬಿಟ್ಟು ಬಂದೀನ್ರಿ ಅಮ್ಮ,” ಎಂಬ ಮಾತು ಬಾಯಿಂದ ಜಾರಿತು, ಎಷ್ಟು ಸಲೀಸಾಗಿ ಅಂದರೆ ಗೋಡೆಯಲ್ಲಿ ಆ ಮಾಡ, ಮಾಡದಲ್ಲಿ ದೀಪದ ಮಸಿ, ಮಸಿಯ ಪಕ್ಕ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಎಲ್ಲ ಅವಳಿಗೆ ಕಂಡುಬಿಟ್ಟಿತು. ಕೊಟ್ರಬಸಮ್ಮ ಗಲ್ಲಕ್ಕೆ ಬಡಿದುಕೊಂಡು, ಹಾಗೆಲ್ಲ ಬಿಟ್ಟಿರಬಾರದು, ನಮ್ಮ ಸ್ವಾಮಿಗಳು ಬಂದಾಗ ಹೊಸದು ಕಟ್ಟಿಸ್ತೀನಿ ಅಂದಳು. ಸ್ವಾಮಿಗಳು ಬರುವ ದಿನ ಬಂದಾಗಲೆಲ್ಲ ಹೇಮಾಗೆ ತಪ್ಪದೆ ಜ್ವರ ಬರುತ್ತದೆ. ಕೊಟ್ರಬಸಮ್ಮ ಗಂಜಿ ಕಾಯಿಸಿ ತರುತ್ತಾಳೆ, ಹಣೆ ಮುಟ್ಟಿ ನೋಡುತ್ತಾಳೆ. ತನ್ನನ್ನು ಯಾರೂ ಹಾಗೆ ಮುಟ್ಟಿ ನೋಡಿರಲಿಲ್ಲ ಎಂದು ಹೇಮಾಳ ಕಣ್ಣಲ್ಲಿ ನೀರು ಬರುತ್ತದೆ. ಕೆಟ್ಟವಳಾಗಿದ್ದರೆ ಬಿಟ್ಟು ಹೋಗುವುದು ಸುಲಭವಿತ್ತು.

ಹೋದ ತಿಂಗಳು ಅವ್ವ ಸುಂಕಮ್ಮ ಹೇಳದೆ ಕೇಳದೆ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಬಳ್ಳಾರಿ ಬಸ್ಸು ಹತ್ತಿ ಬಂದುಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಫೋನಿನಿಂದ, “ಬಂದೀನವ್ವ, ಯಾ ಕಡಿ ಬರ್ಲಿ?” ಎಂದಳು. ಅಲ್ಲೇ ಇರು ಎಂದು ಹೇಮಾ ಓಡಿದಳು. ಅವ್ವ ಹೊಸ ಅಕ್ಕಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಗದ್ದೆಯ ಕೆಸರು ಉಗುರಿನಲ್ಲಿ ಕೂತ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದಳು. ಹೋಟೆಲಿಗೆ ಕರೆದೊಯ್ದು ದೋಸೆ ಕೊಡಿಸಿ, “ಮನಿಗೆ ಬಣ್ಣ ಹೊಡಿಯಾಕತ್ಯಾರ ಅವ್ವ, ಕೂಡಾಕೂ ಜಾಗ ಇಲ್ಲ,” ಅಂದಳು. ಅವ್ವ ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ದೋಸೆಯನ್ನು ಸಣ್ಣಸಣ್ಣ ತುಂಡು ಮಾಡಿ ತಿಂದಳು. ಸಿರುಗುಪ್ಪದ ಬಸ್ಸಿನ ಕಿಟಕಿಯಿಂದ ಕೊನೆಗೆ ಅವಳು ಕೇಳಿದ್ದು ಒಂದೇ: “ಯಾವ ಬಣ್ಣ ಹೊಡಿಸ್ಯಾರವ್ವ?” ಹೇಮಾ, “ನೀಲಿ,” ಅಂದಳು. “ಛಲೋ ಬಣ್ಣ ಐತಿ ಬಿಡು,” ಎಂದು ಅವ್ವ ತಲೆಯಾಡಿಸಿದಳು. ಬಸ್ಸು ಹೋಯಿತು. ಹೇಮಾ ಅಕ್ಕಿಗಂಟು ಹೊತ್ತು ನಡೆದುಕೊಂಡೇ ಮನೆಗೆ ಹೋದಳು.

“ಮಿಸ್, ಆತ್ರಿ,” ಎಂದು ಉಚ್ಚೆಂಗೆಮ್ಮ ಎರಡನೇ ಹಾಳೆ ತಂದಳು. ಅದೇ ಹಲಗೆ, ಅದೇ ಬೆಂಕಿ, ಅದೇ ತಾತ. ಈ ಸಲ ಮಿಸ್ಸು ಇನ್ನೂ ದೊಡ್ಡವಳಾಗಿದ್ದಳು, ನಗುತ್ತಿದ್ದಳು, ಹುಡುಗಿ ಹಲ್ಲುಗಳನ್ನು ಒಂದೊಂದಾಗಿ ಬರೆದಿದ್ದಳು. ಬಹುಶಃ ಮೊದಲಿನದರಲ್ಲಿ ಮಿಸ್ಸಿಗೆ ಹಿಡಿಸದೇ ಇದ್ದದ್ದು ನಗು ಇಲ್ಲದ್ದು ಎಂದುಕೊಂಡಿರಬೇಕು. ಹೇಮಾಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು; ಇಷ್ಟು ವರ್ಷ ಅಡಗಿಸಿಟ್ಟ ಒಂದು ಮುಖವನ್ನು ಒಂದು ಕಪ್ಪು ಕಡ್ಡಿಯಲ್ಲಿ, ಊಟದ ಗಂಟೆಯೊಳಗೆ, ಎರಡೆರಡು ಸಲ ಬರೆದಿಟ್ಟಿದ್ದಕ್ಕೆ. ಸಿಟ್ಟಿನ ಹಿಂದೆಯೇ, ಈ ಚಿತ್ರದಲ್ಲಿ ತಾನು ಎಷ್ಟು ಚಂದ ನಿಂತಿದ್ದೇನೆ ಅನಿಸಿತು. ಕಾಲು ಅಗಲಿಸಿ, ಯಾರಿಗೂ ಅಂಜದೆ.

ಹೆಡ್‌ಮಾಸ್ತರ್ ವಿರೂಪಾಕ್ಷಪ್ಪ ಕಳಿಸುವ ಚಿತ್ರಗಳನ್ನು ನೋಡಲು ಬಂದರು. ಒಳ್ಳೆಯವರು, ಏರುದನಿಯಲ್ಲಿ ಮಾತಾಡಿದವರಲ್ಲ. ಹೇಮಾ ಈ ಶಾಲೆಗೆ ಸೇರಿದ ಹೊಸದರಲ್ಲಿ ಚಹಾದ ಸ್ಟೀಲ್ ಲೋಟಗಳು ಕಾಣೆಯಾಗಿ ಎಲ್ಲರಿಗೂ ಪೇಪರ್ ಕಪ್ಪು ಬಂದಿತ್ತು. ಲೋಟ ತೊಳೆಯುವವರಿಲ್ಲ ಎಂದು ಅವರು ಹೇಳಿದ್ದರು. ಇರಬಹುದು. ನಿಜವಾಗಿಯೂ ತೊಳೆಯುವವರು ಇರಲಿಲ್ಲ. ಆದರೂ ದಿನವೂ ಚಹಾ ಕುಡಿಯುವಾಗ ಆ ಕಪ್ಪಿನ ಅಂಚು ಅವಳ ತುಟಿಗೆ ಏನನ್ನೋ ಕೇಳುತ್ತದೆ, ಅವಳು ಬೇಗಬೇಗ ಕುಡಿದು ಮುಗಿಸುತ್ತಾಳೆ. ವಿರೂಪಾಕ್ಷಪ್ಪ ಉಚ್ಚೆಂಗೆಮ್ಮನ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಕೈ ಛಲೋ ಐತ್ರಿ ಹುಡುಗೀದು. ಆದ್ರ ಮೇಡಂರೇ, ಹಲಗಿ ಗಿಲಗಿ ಯಾಕ್ರಿ? ಹೊರಗಿನೋರು ಬರ್ತಾರ. ನಮ್ಮ ಸಾಲ್ಯಾಗ ಇನ್ನೂ ಇದ ನಡದೈತೇನೋ ಅನ್ಕೊಂತಾರ. ಹುಡುಗಿಗೂ ಬ್ಯಾಸರ.” ಆಮೇಲೆ ಕನ್ನಡಕ ಸರಿಸಿ, “ಇದು ಯಾರ್ರಿ, ಚೀಲ ಹಾಕ್ಕೊಂಡಾಕಿ? ಆಶಾ ಕಾರ್ಯಕರ್ತೆ ಏನ್ರಿ?” ಎಂದರು.

“ಹೌದ್ರಿ ಸರ್,” ಎಂದಳು ಹೇಮಾ.

ಉಚ್ಚೆಂಗೆಮ್ಮ ಅಲ್ಲೇ ನಿಂತಿದ್ದಳು. ಅವಳು ಹೆಡ್‌ಮಾಸ್ತರರ ಮುಖ ನೋಡಿದಳು, ಮಿಸ್ಸಿನ ಮುಖ ನೋಡಿದಳು, ಆಮೇಲೆ ತನ್ನ ಚಿತ್ರ ನೋಡಿದಳು, ಅಲ್ಲಿರುವುದು ನಿಜವಾಗಿಯೂ ಯಾರು ಎಂದು ಈಗ ತನಗೇ ಸಂಶಯ ಬಂದ ಹಾಗೆ. “ಹುಡುಗಿ ಹೋಗ್ಲಿ, ಕಳಸೂಣು, ಚಿತ್ರ ಒಂಚೂರು ನೀವ ನೋಡ್ರಿ,” ಎಂದು ವಿರೂಪಾಕ್ಷಪ್ಪ ಹೊರಟುಹೋದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ‘ನೀವ ನೋಡ್ರಿ’ ಅಂದರೆ ಏನೆಂದು ಹೇಮಾಗೆ ಗೊತ್ತಿತ್ತು. ಬೇರೆ ಮಗುವನ್ನು ಕಳಿಸಬಹುದಲ್ಲ ಎಂಬ ಯೋಚನೆ ಅವಳ ಬಾಯಿತನಕ ಬಂತು. ಬಳ್ಳಾರಿ ನೋಡುತ್ತೇನೆ, ಕೋಟೆ ಗುಡ್ಡ ನೋಡುತ್ತೇನೆ ಎಂದು ಹುಡುಗಿ ವಾರದಿಂದ ಕುಣಿಯುತ್ತಿದ್ದಳು, ಅಜ್ಜಿ ಹೊಸ ರಿಬ್ಬನ್ ತಂದಿದ್ದಳು. ತನ್ನನ್ನು ಉಳಿಸಿಕೊಳ್ಳಲು ಅಷ್ಟೊಂದು ಮಾಡುವುದು ಬೇಡ, ಚಿತ್ರ ಒಂದನ್ನು ಬದಲಿಸಿದರೆ ಸಾಕು ಎಂದು ಹೇಮಾ ಅಂದುಕೊಂಡಳು, ಅದನ್ನು ಕರುಣೆ ಎಂದೂ ಅಂದುಕೊಂಡಳು.

ಶಾಲೆ ಬಿಟ್ಟ ಮೇಲೆ ಇಬ್ಬರೇ ಉಳಿದರು. ಕಿಟಕಿಯಾಚೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದ ಕಣದಿಂದ ಘಾಟು ಬರುತ್ತಿತ್ತು. ಹೇಮಾ ಹೊಸ ಹಾಳೆ ಹಾಸಿಕೊಂಡು ಕೂತಳು. ಅವಳ ಕೈ ಪಳಗಿದ್ದು: ತ್ರಿಕೋನದ ಗುಡ್ಡ, ಅರ್ಧ ಸೂರ್ಯ, ಹಂಚಿನ ಮನೆ, ತೆಂಗಿನ ಮರಗಳು ತಾವಾಗಿಯೇ ಇಳಿದುಬಂದವು. ನಡುವೆ ಎರಡು ಜಡೆ ಮಡಚಿ ಕಟ್ಟಿದ, ಯೂನಿಫಾರ್ಮಿನ ಮೇಲೆ ಬಿಳಿ ಕೋಟು, ಕೊರಳಲ್ಲಿ ಡಾಕ್ಟರರ ನಳಿಗೆ ಹಾಕಿಕೊಂಡ ಹುಡುಗಿ. ಮುಖಕ್ಕೆ ಬಣ್ಣ ಕೊಡುವಾಗ ಕೈ ಡಬ್ಬಿಯಲ್ಲಿದ್ದ ತೆಳು ಗುಲಾಬಿ ಕಡ್ಡಿಗೇ ಹೋಯಿತು. ಮಕ್ಕಳೆಲ್ಲ ಅದಕ್ಕೆ ‘ಮೈಬಣ್ಣ’ ಅನ್ನುತ್ತಾರೆ. ಅಂಥ ಮೈ ಈ ಊರಲ್ಲಿ ಯಾರಿಗೂ ಇಲ್ಲ, ಕೊಟ್ರಬಸಮ್ಮನಿಗೂ ಇಲ್ಲ. ಉಚ್ಚೆಂಗೆಮ್ಮ ಡಬ್ಬಿ ಹಿಡಿದುಕೊಂಡು, ಒಂದೊಂದೇ ಕಡ್ಡಿ ಎತ್ತಿಕೊಡುತ್ತ ನೋಡುತ್ತಿದ್ದಳು.

“ಇದು ಯಾರ್ರಿ ಮಿಸ್?”

“ನೀನು.”

“ನಾ ಹಿಂಗಿಲ್ಲಲ್ರಿ.”

“ಮುಂದ ಆಗ್ತಿ.”

ಅದನ್ನು ಹೇಳುವಾಗ ಹೇಮಾ ಒಂದು ಕ್ಷಣ ನಂಬಿದಳು ಕೂಡ. ತನಗೂ ಯಾರೋ ಹಾಗೆಯೇ ಹೇಳಿದ್ದರು, ತಾನು ಆಗಿಯೂ ಆಗಿದ್ದಳು.

“ತಾತ ಎಲ್ಲದಾನ್ರಿ?”

“ಹೊಲಕ್ಕ ಹೋಗ್ಯಾನ.”

“ನೀವ್ರಿ?”

“ನಾನು ಸಾಲ್ಯಾಗ ಅದೀನಿ. ಸಾಲಿ ಚಿತ್ರದಾಗ ಹಿಡಿಸಂಗಿಲ್ಲ.”

ಹುಡುಗಿ ತಲೆಯಾಡಿಸಿದಳು. ಆಮೇಲೆ ಮಾತು ಕಲಿಸುವುದು. ಗೋಡೆಗೆ ಒರಗಿಸಿ ನಿಲ್ಲಿಸಿ ಹೇಮಾ ಹೇಳಿಕೊಟ್ಟಳು: ನನ್ನ ಹೆಸರು ಉಚ್ಚೆಂಗೆಮ್ಮ. ಈ ಚಿತ್ರದಲ್ಲಿರುವುದು ನಾನು. ಇದು ನಮ್ಮ ಮನೆ. ನಾನು ಓದಿ ಡಾಕ್ಟರ್ ಆಗಿ ಊರಿನ ಸೇವೆ ಮಾಡುತ್ತೇನೆ. ಹುಡುಗಿ ‘ಮನಿ’ ಎಂದಾಗ ‘ಮನೆ’ ಎಂದು ತಿದ್ದಿದಳು. ಎರಡನೇ ಸಲಕ್ಕೇ ಬಂದುಬಿಟ್ಟಿತು. ಜಾಣೆ, ಹಾಡಿನ ಹಾಗೆ ಹೇಳುತ್ತಿದ್ದಳು. ಹೊರಡುವಾಗ ಚೀಲ ಹೆಗಲಿಗೇರಿಸಿ, ತನ್ನ ಹಳೆಯ ಚಿತ್ರ ಮನೆಗೆ ಒಯ್ಯಲೇ, ತಾತನಿಗೆ ತೋರಿಸಬೇಕು ಎಂದು ಕೇಳಿದಳು. ಕೊಡುವುದಿಲ್ಲ ಎನ್ನಲು ಹೇಮಾಗೆ ಬಾಯಿ ಬರಲಿಲ್ಲ. ಕೊಟ್ಟರೆ ನಾಳೆ ಇಡೀ ಶಾಲೆ ನೋಡುತ್ತದೆ, ಶನಿವಾರ ಅದನ್ನೇ ಚೀಲದಲ್ಲಿಟ್ಟುಕೊಂಡು ಬಳ್ಳಾರಿಗೆ ಬಂದರೂ ಬಂದಳೇ. ಮೊದಲು ಬರೆದದ್ದು ಒಂದು, ಆಮೇಲೆ ಬರೆದದ್ದು ಒಂದು. ಮೊದಲಿನದನ್ನು ಹೇಮಾ ತನ್ನ ಚೀಲಕ್ಕೆ ಹಾಕಿಕೊಂಡಳು. ಎರಡನೆಯದನ್ನು ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಎಳೆದು, ಹುಡುಗಿ ನೋಡುತ್ತಿದ್ದ ಹಾಗೆಯೇ ಉದ್ದಕ್ಕೆ ಹರಿದಳು; ಮಿಸ್ಸು ಒಂದು ಕಡೆ, ಹುಡುಗಿ ಮತ್ತು ತಾತ ಮತ್ತು ಹಲಗೆ ಒಂದು ಕಡೆ. ಕೈಗೆ ಕೈ ಹಿಡಿಸಿ ಬರೆದದ್ದರಿಂದ ಅಲ್ಲಿ ನೇರ ಹರಿಯಲಿಲ್ಲ, ಹುಡುಗಿಯ ಮುಂಗೈ ಮಿಸ್ಸಿನ ತುಂಡಿಗೇ ಹೋಯಿತು. ದೊಡ್ಡ ತುಂಡನ್ನು ಹೇಮಾ ಅವಳಿಗೆ ಕೊಟ್ಟಳು. ಒಂದು ಮಾತು ಹೇಳಬೇಕಿತ್ತು, ನಿಮ್ಮಜ್ಜಿ ಹೇಳಿದ್ದನ್ನು ಬಳ್ಳಾರಿಯಲ್ಲಿ ಯಾರಿಗೂ ಹೇಳಬೇಡ ಎಂದು. ಆದರೆ ಒಂಬತ್ತು ವರ್ಷದ ಮಗುವಿನ ಮುಂದೆ ಆ ಮಾತನ್ನು ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಉಚ್ಚೆಂಗೆಮ್ಮ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ಕೇಳದೆ, ಚೀಲದಲ್ಲಿಟ್ಟುಕೊಂಡು ಹೋದಳು. ಕೇಳಿದ್ದರೆ ಚೆನ್ನಾಗಿತ್ತು. ಬಾದನಹಟ್ಟಿ ದಾಟುವವರೆಗೂ ಹೇಮಾ ಬಸ್ಸಿನ ಕಿಟಕಿಯಿಂದ ನೆಲ್ಲಿನ ಗದ್ದೆ ನೋಡುತ್ತ, ಅವಳು ಕೇಳಿದ್ದರೆ ಕೊಡುತ್ತಿದ್ದ ಉತ್ತರಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳು, ಒಂದೂ ಸಿಕ್ಕಲಿಲ್ಲ.

ಶನಿವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುತ್ತ ಗೋಡೆಯ ತುಂಬ ‘ನಾನು’ಗಳು. ಸಿರುಗುಪ್ಪದವು, ಕುರುಗೋಡಿನವು, ಬಳ್ಳಾರಿಯವು. ಎಲ್ಲದರಲ್ಲೂ ಗುಡ್ಡ, ಸೂರ್ಯ, ತೆಂಗಿನ ಮರ, ನಡುವೆ ಡಾಕ್ಟರು, ಪೊಲೀಸು, ಸೈನಿಕ. ಹೇಮಾಗೆ ಸಮಾಧಾನವಾಯಿತು, ಸುಳ್ಳು ಹೇಳಿದ್ದು ತಾನೊಬ್ಬಳೇ ಅಲ್ಲ. ವಿರೂಪಾಕ್ಷಪ್ಪ ಮಕ್ಕಳನ್ನು ಕ್ರೂಸರ್ ಗಾಡಿಯಲ್ಲಿ ತುಂಬಿಸಿಕೊಂಡು ಬಂದಿದ್ದರು. ಹೊಸ ರಿಬ್ಬನ್ನಿನ ಉಚ್ಚೆಂಗೆಮ್ಮ ಬಿಳಿ ಕೋಟಿನ ಹುಡುಗಿಯ ಪಕ್ಕ ನೆಟ್ಟಗೆ ನಿಂತಿದ್ದಳು. ಆ ಕೈಮಗ್ಗದ ಸೀರೆಯ ತರಬೇತುದಾರ್ತಿ ಒಂದೊಂದೇ ಚಿತ್ರ ನೋಡುತ್ತ ಬಂದಳು. ಬರಬರುತ್ತ ಅವಳ ಮುಖ ಸಣ್ಣದಾಗಿತ್ತು, ಎಲ್ಲ ಮನೆಯಲ್ಲೂ ಒಂದೇ ಸಾರು ಉಂಡು ಬಂದವರ ಹಾಗೆ. ಉಚ್ಚೆಂಗೆಮ್ಮನ ಮುಂದೆ ಕೂತು, “ಪುಟ್ಟಿ, ಇದು ನೀನೇ ಬರೆದದ್ದಾ? ನಿಜ ಹೇಳು, ಬಯ್ಯಲ್ಲ,” ಎಂದಳು.

ಅದೇ ಹೊತ್ತಿಗೆ ಬಾಗಿಲಿನಿಂದ ಕೊಟ್ರಬಸಮ್ಮ ಅಕ್ಷತಾಳ ಕೈ ಹಿಡಿದು ಇತ್ತಲೇ ಬರುತ್ತಿರುವುದು ಹೇಮಾಗೆ ಕಂಡಿತು. ಆಗ ಅವಳಿಗೆ ತನ್ನ ಬಗ್ಗೆ ತನಗೇ ತಿಳಿಯದಿದ್ದದ್ದೊಂದು ತಿಳಿಯಿತು. ಹುಡುಗಿ ಇಲ್ಲ ಎನ್ನಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಇಲ್ರಿ, ಇದನ್ನ ಮಿಸ್ಸು ಬರದಾರ, ನಂದ ಬ್ಯಾರೆ ಇತ್ತು, ಅದರಾಗ ಹಲಗಿ ಇತ್ತು, ಮಿಸ್ಸೂ ಇದ್ರು ಎಂದು ಈ ತುಂಬಿದ ಸಭೆಯಲ್ಲಿ ಕೂಗಿ ಹೇಳಿಬಿಡಲಿ; ಮಹಡಿ ಮನೆ ಹೋಗಲಿ, ಗಂಜಿ ಹೋಗಲಿ, ಅವ್ವನಿಗೆ ಗೋಡೆಯ ಬಣ್ಣ ಏನೆಂದು ತೋರಿಸುವ ಹಾಗಾಗಲಿ. ತಾನು ಹೇಳಲಾರದ್ದನ್ನು ಒಂದು ಮಗು ಹೇಳಲಿ ಎಂದು ಕಾಯುತ್ತ ಆಕೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

“ನಾನೇ ಬರೆದದ್ದು. ಈ ಚಿತ್ರದಲ್ಲಿರುವುದು ನಾನು. ಇದು ನಮ್ಮ ಮನೆ,” ಎಂದಳು ಉಚ್ಚೆಂಗೆಮ್ಮ, ‘ಮನೆ’ಯನ್ನು ಸ್ಪಷ್ಟವಾಗಿ.

ತರಬೇತುದಾರ್ತಿ ನಿಟ್ಟುಸಿರಿಟ್ಟು ಎದ್ದು ಮುಂದೆ ಹೋದಳು. ಅವಳು ಬಿಟ್ಟ ಜಾಗಕ್ಕೆ ಕೊಟ್ರಬಸಮ್ಮ ಬಂದು ನಿಂತಳು. “ಎಷ್ಟ್ ಛಂದ ಬರದೈತವ್ವ ಹುಡುಗಿ,” ಎಂದು ಚಿತ್ರ ನೋಡಿ, ಹುಡುಗಿಯನ್ನು ನೋಡಿ, ಹೇಮಾಳನ್ನು ನೋಡಿ, ಮತ್ತೆ ಹುಡುಗಿಯನ್ನು ನೋಡಿದಳು. ಅವಳಿಗೆ ನಗು ಬಂತು. “ಅಲ್ಲವ್ವ ಹೇಮಾ, ಥೇಟ್ ನಿನ್ನಂಗ ಐತಲ್ಲ ಈಕಿ ಮಾರಿ. ಗದ್ದ ನೋಡು, ಹುಬ್ಬು ನೋಡು. ಏನ ಹುಡುಗಿ, ಈ ಮಿಸ್ಸು ನಿನಗೇನಾಗಬೇಕು?”

ಹೇಮಾ ಬಾಯಿ ತೆರೆದಳು. ಏನು ಹೇಳಲು ತೆರೆದಳೋ ಅವಳಿಗೆ ಈವತ್ತಿಗೂ ಗೊತ್ತಿಲ್ಲ.

“ಏನೂ ಆಗಬೇಕಿಲ್ರಿ ಅಮ್ಮ,” ಎಂದಳು ಉಚ್ಚೆಂಗೆಮ್ಮ. “ಅವ್ರು ಮಿಸ್ಸು. ನಾವು ಕೇರ್ಯಾಗಿನೋರು ರೀ.”

ಹೇಳಿ, ಲಂಗದ ಅಂಚನ್ನು ಎಳೆದುಕೊಂಡು ಹೇಮಾಳ ಸೀರೆಗೆ ತಾಗದ ಹಾಗೆ ಅರ್ಧ ಹೆಜ್ಜೆ ಆಚೆ ಸರಿದು ನಿಂತಳು. ಯಾರೂ ಕಲಿಸಿರಲಿಲ್ಲ ಅದನ್ನು. ಕೊಟ್ರಬಸಮ್ಮ, “ಹೌದಾ,” ಎಂದಳು, ಅವಳ ದನಿ ಬದಲಾಗಲಿಲ್ಲ, ಕಾಲು ಮಾತ್ರ ಸ್ವಲ್ಪ ಹಿಂದೆ ಹೋಯಿತು. “ಭಾಳ ಜಾಣಿ ಐತಿ. ಬಿಸಲಾಗ ಬಂದೈತಿ ಪಾಪ.” ಅಕ್ಷತಾಳ ಕೈಯಲ್ಲಿದ್ದ ಬಿಸ್ಕೀಟಿನ ಪೊಟ್ಟಣದಿಂದ ಎರಡು ಬಿಸ್ಕೀಟು ತೆಗೆದು ಗೇಣುದ್ದ ಮೇಲಿನಿಂದ ಬಿಟ್ಟಳು. ಉಚ್ಚೆಂಗೆಮ್ಮ ಎರಡೂ ಕೈ ಬೊಗಸೆ ಮಾಡಿ, ಒಂದು ಚೂರೂ ಕೆಳಗೆ ಬೀಳದಂತೆ ಹಿಡಿದಳು. ಹೇಮಾ ಅದನ್ನು ನಿಂತು ನೋಡಿದಳು. ಆ ಬೊಗಸೆಯ ಲೆಕ್ಕ ಅವಳ ಅಂಗೈಗೂ ಗೊತ್ತಿತ್ತು. ಈಗ ಒಂದು ಮಾತು, ಈಗಲಾದರೂ ಒಂದೇ ಒಂದು ಮಾತು ಎಂದು ಒಳಗೆ ಏನೋ ಬಡಿದುಕೊಳ್ಳುತ್ತಿತ್ತು. “ಹೊತ್ತಾತು ನಡಿಯವ್ವ, ಆಟೋದಾಗ ಕೂಡೇ ಮನಿಗೆ ಹೋಗೂಣು,” ಎಂದು ಕೊಟ್ರಬಸಮ್ಮ ಅವಳ ಮುಂಗೈ ಹಿಡಿದಳು. ಬೆಚ್ಚಗಿನ ಕೈ. “ಹೂಂ ರೀ ಅಮ್ಮ, ಹುಡುಗರ್ನ ಸರ್‌ಗೆ ಒಪ್ಪಿಸಿ ಬಂದೆ, ನೀವು ಮುಂದ ನಡೀರಿ,” ಎಂದಳು ಹೇಮಾ.

ಕೊಟ್ರಬಸಮ್ಮ ಬಾಗಿಲ ಕಡೆ ಹೊರಟಳು. ಮಕ್ಕಳು ಸಾಲಾಗಿ ಕ್ರೂಸರಿನ ಕಡೆ ಹೋಗುತ್ತಿದ್ದರು. ಉಚ್ಚೆಂಗೆಮ್ಮ ಸಾಲು ಬಿಟ್ಟು ಹಿಂದಕ್ಕೆ ಓಡಿಬಂದು, ಇನ್ನೂ ತಿನ್ನದ ಬಿಸ್ಕೀಟು ಹಿಡಿದುಕೊಂಡೇ, ಕತ್ತು ಮೇಲೆತ್ತಿ ಪಿಸುದನಿಯಲ್ಲಿ ಕೇಳಿದಳು:

“ಬರೋಬ್ಬರಿ ಹೇಳಿದ್ನೇನ್ರಿ ಮಿಸ್?”

ಹೇಮಾ ತಿರುಗಿ ನೋಡಿದಳು. ಕೊಟ್ರಬಸಮ್ಮ ಬಾಗಿಲು ದಾಟಿ ಮೆಟ್ಟಿಲು ಇಳಿಯುತ್ತಿದ್ದಳು, ಹತ್ತಿರ ಯಾರೂ ಇರಲಿಲ್ಲ.

“ಬರೋಬ್ಬರಿ ಹೇಳಿದ್ಯವ್ವ,” ಎಂದಳು.